ವಿಷಯ ಮೊದಲು ಹೇಳು ಮಾರಾಯ್ತಿ

ಮೇಡಂ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಅವರ ಅಣ್ಣನ ಮಗ ಕಳುಹಿಸಿದ ಒಂದು ಮೇಲ್‌ನಿಂದ. ವಿಷಯದ ಸಾಲಿನಲ್ಲಿ ‘ರಿಗಾರ್ಡಿಂಗ್ ಆಂಟಿ’ ಎಂದಷ್ಟೇ ಇತ್ತು. ಬೆಳಿಗ್ಗೆ ಆಫೀಸಿಗೆ ಬಂದು ಚಾ ಕುಡಿಯುತ್ತಾ ತೆರೆದೆ. ಮೊದಲ ಪ್ಯಾರಾದಲ್ಲಿ ಹುಡುಗ ನಮ್ಮೆಲ್ಲರ ಆರೋಗ್ಯ ವಿಚಾರಿಸಿದ್ದ. ಎರಡನೆಯದರಲ್ಲಿ ಆಂಟಿಗೆ ನಮ್ಮ ಆಫೀಸಿನ ಮೇಲೆ ಎಷ್ಟು ಅಭಿಮಾನವಿತ್ತು ಎಂದು ಬರೆದಿದ್ದ. ಆಮೇಲೆ ಆಸ್ಪತ್ರೆ, ಡಾಕ್ಟರು, ದೇವರ ಇಚ್ಛೆ. ಇನ್ನೇನು ಮೇಲ್ ಮುಗಿಯಿತು ಅನ್ನುವಾಗ, ಆಂಟಿ ಇಂದು ಹೋದರು, ನಾಳೆ ಸಂಜೆ ಇಗರ್ಜಿಯಲ್ಲಿ ಅಂತ್ಯಕ್ರಿಯೆ ಎಂದಿತ್ತು. ಮೇಲ್ ಬಂದದ್ದು ಹಿಂದಿನ ದಿನ. ಅಂದರೆ ಅವನ ‘ನಾಳೆ’ ನನಗೆ ಇವತ್ತು.

“ನಾಳೆ ಅಂದರೆ ಯಾವ ನಾಳೆ? ಬರೆದವನ ನಾಳೆಯಾ, ಓದುವವನ ನಾಳೆಯಾ? ತಾರೀಕು ಹಾಕ್ಲಿಕ್ಕೆ ಎಂತ ಕಷ್ಟ ನಿಮಗೆ?” ಮೇಡಂ ಇದ್ದಿದ್ದರೆ ಹೀಗೆ ಕೇಳಿ ಆ ಮೇಲನ್ನು ಅವನಿಗೆ ವಾಪಸು ಕಳುಹಿಸುತ್ತಿದ್ದರು. ತನ್ನದೇ ಸಾವಿನ ಸುದ್ದಿ ಎಂದು ರಿಯಾಯಿತಿ ತೋರಿಸುವ ಜನ ಅವರಲ್ಲ. ನನಗೆ ಮೊದಲು ನಗು ಬಂತು. ಆಮೇಲೆ ಅಳು ಬಂದು, ಚಾ ಅಲ್ಲೇ ತಣ್ಣಗಾಯಿತು.

ನಮ್ಮದು ಪಣಂಬೂರಿನ ಹತ್ತಿರದ ಒಂದು ಶಿಪ್ಪಿಂಗ್ ಏಜೆನ್ಸಿ. ಬಂದರಿಗೆ ಹಡಗು ಬಂದರೆ ಅದಕ್ಕೆ ಬೇಕಾದ್ದನ್ನೆಲ್ಲ ದಡದಲ್ಲಿದ್ದು ನೋಡಿಕೊಳ್ಳುವುದು ನಮ್ಮ ಕೆಲಸ. ಕುಡಿಯುವ ನೀರು, ತರಕಾರಿ, ಡಾಕ್ಟರು, ಪರವಾನಗಿ, ಕೆಲಸ ಮುಗಿಸಿ ಇಳಿಯುವವರಿಗೆ ವಿಮಾನದ ಟಿಕೆಟು, ಹೊಸದಾಗಿ ಹತ್ತುವವರಿಗೆ ವ್ಯಾನು, ಎಲ್ಲವೂ ನಮ್ಮ ತಲೆಯ ಮೇಲೆ. ಹಡಗಿನ ಮಾಲೀಕ ಯಾವುದೋ ದೇಶದಲ್ಲಿ, ಕ್ಯಾಪ್ಟನ್ ಸಮುದ್ರದಲ್ಲಿ, ನಮ್ಮ ಹೆಡ್ ಆಫೀಸು ಮುಂಬಯಿಯಲ್ಲಿ. ಇವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ನಡುವೆ ಓಡಾಡುವುದು ಮೇಲ್ ಮಾತ್ರ. ಮಂಗಳೂರು ಆಫೀಸು ಮೇಡಂ ಕೈಯಲ್ಲಿತ್ತು, ಅಲ್ಲಿಂದ ಹೊರಗೆ ಹೋಗುವ ಮೇಲ್‌ಗಳಿಗೆಲ್ಲ ಅವರೇ ಯಜಮಾನಿ.

ತೊಕ್ಕೊಟ್ಟಿನಿಂದ ದಿನಾ ಬಸ್ಸಿನಲ್ಲಿ ನೇತ್ರಾವತಿ ದಾಟಿ, ಊರಿಡೀ ಹಾದು ಬರುತ್ತಿದ್ದರು. ಮದುವೆಯಾಗಿರಲಿಲ್ಲ. ಅಣ್ಣನ ಮನೆಯ ಪಕ್ಕದಲ್ಲೇ ಅವರದೊಂದು ಮನೆ. ಗಂಜಿ ಹಾಕಿದ ಕಾಟನ್ ಸೀರೆ, ಕುತ್ತಿಗೆಗೆ ನೇತು ಹಾಕಿದ ಕನ್ನಡಕ, ಊಟದ ಡಬ್ಬಿ ತೆರೆದರೆ ಇಡೀ ಆಫೀಸಿಗೆ ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ಪರಿಮಳ. ಕೇಳಿದರೂ ಯಾರಿಗೂ ಒಂದು ತುಂಡು ಕೊಡುತ್ತಿರಲಿಲ್ಲ. ಹೊಗಳಿಕೆಯಲ್ಲೂ ಹಾಗೆಯೇ, ಬಹಳ ಜಿಪುಣಿ. ತುಂಬಾ ಚೆನ್ನಾಗಿ ಬರೆದ ಮೇಲ್‌ಗೆ “ಹೋಗಲಿ ಬಿಡು” ಎಂದರೆ ಅದೇ ಬಹುಮಾನ. ಅವರ ಮನೆಮಾತು ಕೊಂಕಣಿ, ನನ್ನದು ತುಳು. ತುಳುವನ್ನು ಅವರು ನಮಗಿಂತ ಚೆನ್ನಾಗಿ ಆಡುತ್ತಿದ್ದರು, ಆದರೆ ಅದನ್ನು ಬೈಯಲಿಕ್ಕೆ ಮಾತ್ರ ಇಟ್ಟುಕೊಂಡಿದ್ದರು. ಪಾಠಕ್ಕೆಲ್ಲ ಕನ್ನಡವೇ.

ಎಂಕಾಂ ಮುಗಿಸಿ ನಾನು ಅಲ್ಲಿಗೆ ಸೇರಿದಾಗ ನನ್ನ ಇಂಗ್ಲಿಷಿನ ಬಗ್ಗೆ ನನಗೆ ಬಹಳ ಧೈರ್ಯವಿತ್ತು. ಮೊದಲ ವಾರವೇ ಹಡಗೊಂದಕ್ಕೆ ಮೇಲ್ ಬರೆಯಲು ಹೇಳಿದರು. ಕುಡಿಯುವ ನೀರು ಎಷ್ಟು ಬೇಕೆಂದು ಕ್ಯಾಪ್ಟನ್‌ನಿಂದ ತಿಳಿದುಕೊಳ್ಳಬೇಕಿತ್ತು, ಅಷ್ಟೇ. ನಾನು ಮೊದಲು ಅವರ ಪ್ರಯಾಣ ಸುಖಕರವಾಗಿರಲೆಂದು ಹಾರೈಸಿದೆ. ಮಂಗಳೂರಿಗೆ ಸ್ವಾಗತಿಸಿದೆ. ನಮ್ಮ ಏಜೆನ್ಸಿಯ ಸೇವೆಗಳನ್ನು ವಿವರಿಸಿದೆ. ಕೊನೆಯಲ್ಲಿ ನೀರಿನ ಬಗ್ಗೆ ಒಂದು ಸಾಲು ಬರೆದು, ‘ಕೈಂಡ್ಲಿ ಡೂ ದ ನೀಡ್‌ಫುಲ್’ ಎಂದು ಮುಗಿಸಿದೆ.

“ಫ್ಯಾನ್ ಆಫ್ ಮಾಡು,” ಎಂದರು ಮೇಡಂ.

ಇದು ಅವರ ಪದ್ಧತಿ. ಮುಖ್ಯವಾದ ಯಾವ ಮೇಲ್ ಆಗಲಿ, ಬರೆದವರು ಅವರ ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಓದಬೇಕು. ಗಾಳಿಯ ಸದ್ದಿರಬಾರದು ಎಂದು ಫ್ಯಾನ್ ನಿಲ್ಲಿಸುತ್ತಿದ್ದರು. ಮಂಗಳೂರಿನ ಮೇ ತಿಂಗಳಿನಲ್ಲಿ ಫ್ಯಾನ್ ಇಲ್ಲದೆ ನಿಲ್ಲಬೇಕಾದರೆ ಮೇಲ್ ತನ್ನಷ್ಟಕ್ಕೆ ಚಿಕ್ಕದಾಗುತ್ತದೆ. ಅವರು ಕಣ್ಣು ಮುಚ್ಚಿ, “ಈಗ ನಾನು ಕ್ಯಾಪ್ಟನ್,” ಎನ್ನುವರು. ಅಥವಾ “ಈಗ ನಾನು ಕಸ್ಟಮ್ಸ್.” ಮೇಲ್ ಯಾರಿಗೋ ಅವರೇ ಆಗಿಬಿಡುವರು. ಓದಿ ಮುಗಿಸಿದ ಮೇಲೆ ಕೇಳುವುದು ಒಂದೇ ಪ್ರಶ್ನೆ: “ಸರಿ, ಈಗ ನಾನು ಎಂತ ಮಾಡ್ಬೇಕು?”

ಆ ದಿನ ನಾನು ಓದಿ ಮುಗಿಸುವಷ್ಟರಲ್ಲಿ ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. “ನಿಮ್ಮ ಮನೆಗೆ ಯಾರಾದರೂ ಬಂದರೆ ಹೇಗೆ?” ಎಂದು ಕೇಳಿದರು.

“ಮೊದಲು ಬೆಲ್ಲ, ನೀರು ಕೊಡ್ತೇವೆ ಮೇಡಂ.”

“ಆಮೇಲೆ?”

“ಊರಿನ ವಿಷಯ, ಮನೆಯವರ ವಿಷಯ ಮಾತಾಡ್ತಾರೆ.”

“ಬಂದ ಕೆಲಸ ಎಂತ ಅಂತ ಯಾವಾಗ ಹೇಳ್ತಾರೆ?”

ಯೋಚಿಸಿದೆ. ನಮ್ಮದು ಒಂದು ಕಾಲದಲ್ಲಿ ಗದ್ದೆ ಇದ್ದ ದೊಡ್ಡ ಕುಟುಂಬ. ಬಂದವರು ಚಾವಡಿಯಲ್ಲಿ ಗಂಟೆಗಟ್ಟಲೆ ಕೂತು, ಚಾ ಕುಡಿದು, ಎದ್ದು, ಅಂಗಳಕ್ಕೆ ಇಳಿದು, ಚಪ್ಪಲಿಗೆ ಕಾಲು ತೂರಿಸುತ್ತಾ, “ಹಾಂ, ಮತ್ತೆ ಒಂದು ವಿಷಯ ಉಂಟು,” ಎನ್ನುತ್ತಾರೆ. ಬಂದದ್ದೇ ಆ ವಿಷಯಕ್ಕೆ ಎಂದು ಮನೆಯವರಿಗೂ ಗೊತ್ತಿರುತ್ತದೆ, ಬಂದವರಿಗೂ ಗೊತ್ತಿರುತ್ತದೆ.

“ಚಪ್ಪಲಿ ಹಾಕುವಾಗ,” ಎಂದೆ.

“ನೋಡು, ನಿನ್ನ ಮೇಲ್ ಕೂಡ ಹಾಗೆಯೇ ಉಂಟು. ಕ್ಯಾಪ್ಟನ್‌ಗೆ ನಿನ್ನ ಬೆಲ್ಲ ಬೇಡ. ಅವನು ನಿಂತುಕೊಂಡೇ ಓದುವುದು, ಅರ್ಧ ಓದಿ ಬಿಡ್ತಾನೆ. ವಿಷಯ ಮೊದಲು ಹೇಳು ಮಾರಾಯ್ತಿ. ನೀರು ಎಷ್ಟು ಟನ್ ಬೇಕು, ಯಾವ ತಾರೀಕಿನ ಒಳಗೆ ತಿಳಿಸ್ಬೇಕು. ಮತ್ತೆ ಈ ನೀಡ್‌ಫುಲ್ ಅಂದರೆ ಎಂತ? ಎಂತ ಮಾಡ್ಬೇಕು ಅಂತ ಅವನಿಗೇ ಗೊತ್ತಿದ್ದರೆ ಇಷ್ಟೊತ್ತಿಗೆ ಮಾಡ್ತಿರಲಿಲ್ವಾ?”

ನನ್ನ ಒಂದು ಪುಟದ ಮೇಲ್ ಎರಡು ಸಾಲಾಯಿತು. ನಾವು ಚಾ ಕುಡಿಯುವಷ್ಟರಲ್ಲಿ ಕ್ಯಾಪ್ಟನ್ ಉತ್ತರ ಬರೆದಿದ್ದ. ಆ ಎರಡು ಸಾಲನ್ನು ನೋಡಿ ನನಗೆ ಎಂಕಾಂ ಪಾಸಾದಾಗಿನಷ್ಟು ಖುಷಿಯಾಯಿತು. ಮೇಡಂ “ಹೋಗಲಿ ಬಿಡು,” ಎಂದು ಫ್ಯಾನ್ ಹಾಕಿಸಿದರು.

ಹೀಗೆ ಅವರು ಕಲಿಸಿದ್ದನ್ನೆಲ್ಲ ಬರೆಯಹೊರಟರೆ ಮುಗಿಯುವುದಿಲ್ಲ. ಮೇಲ್‌ನ ಪ್ರತಿ ಕಳುಹಿಸುವ ಸಿಸಿಯಲ್ಲಿ ಕಂಡಕಂಡವರ ಹೆಸರು ಹಾಕಿದರೆ, “ಎಂತ, ಮದುವೆ ಕಾಗದ ಹಂಚ್ತಿದ್ದೀಯಾ?” ಎಂದು ಕೇಳುವರು. ಯಾರಾದರೂ ಸಿಟ್ಟಿನಿಂದ ಟಕಟಕ ಕುಟ್ಟುತ್ತಿದ್ದರೆ ಕೂತಲ್ಲಿಂದಲೇ, “ಯಾರಿಗೆ ಅಂತ ಈಗ ಹಾಕ್ಬೇಡ, ಖಾಲಿ ಬಿಡು, ಊಟ ಮಾಡಿ ಬಂದ ಮೇಲೆ ಹಾಕು,” ಎನ್ನುವರು. ಊಟವಾದ ಮೇಲೆ ಆ ಮೇಲ್ ಕಳುಹಿಸುವ ಮನಸ್ಸು ಯಾರಿಗೂ ಉಳಿಯುತ್ತಿರಲಿಲ್ಲ. ಆದರೆ ಅದನ್ನು ಓದಿಸಿಕೊಂಡು ನಗುವುದೆಂದರೆ ಅವರಿಗೆ ಬಹಳ ಇಷ್ಟ. ಒಮ್ಮೆ ನಾನು ಒಬ್ಬ ಲಾರಿ ಕಂಟ್ರಾಕ್ಟರನಿಗೆ ಬರೆದು ಕಳುಹಿಸದೆ ಉಳಿದದ್ದನ್ನು ಕೇಳಿ, “ನಿನ್ನ ಇಂಗ್ಲಿಷ್ ಸಿಟ್ಟು ಬಂದಾಗ ಮಾತ್ರ ಚಂದ ಉಂಟು,” ಎಂದು ಕಣ್ಣೊರೆಸಿಕೊಂಡಿದ್ದರು.

ಅವರಿಗೆ ಬಗ್ಗದೆ ಉಳಿದವರು ಒಬ್ಬರೇ, ಜಯಣ್ಣ. ಹಡಗಿನ ಮೇಲೆ ಹತ್ತಿ ಇಳಿದು ಮಾಡುವ ಕೆಲಸವೆಲ್ಲ ಅವರದು. ದೇರೆಬೈಲಿನಲ್ಲಿ ಮನೆ, ದೊಡ್ಡ ಮೀಸೆ, ಬಂದರಿನ ಗೇಟಿನಲ್ಲಿ ಅವರನ್ನು ಗುರುತಿಸದ ಮನುಷ್ಯನಿಲ್ಲ. ಕೆಲಸದಲ್ಲಿ ಹುಲಿ, ಮೇಲ್ ಬರೆಯುವುದೆಂದರೆ ಮಾತ್ರ ತಲೆನೋವು. ಏನಿದ್ದರೂ ಫೋನು. “ಫೋನಿನಲ್ಲಿ ಹೇಳಿದ್ದು ನಾಳೆ ಯಾರ ಕೈಯಲ್ಲಿ ಇರ್ತದೆ ಜಯಣ್ಣ?” ಎಂದು ಮೇಡಂ ರೇಗುವರು. ಒತ್ತಾಯಕ್ಕೆ ಒಮ್ಮೆ ಹಡಗಿನಿಂದ ಮೇಲ್ ಕಳುಹಿಸಿದರು: ‘ಆಲ್ ಓಕೆ.’ ಮೇಡಂ ತಿರುಗಿ ಬರೆದರು: ‘ಯಾವುದೆಲ್ಲ?’ ಜಯಣ್ಣ ಉತ್ತರಿಸಿದರು: ‘ಎವೆರಿಥಿಂಗ್ ಮೇಡಂ.’ ಆ ದಿನ ಸಂಜೆ ಆಫೀಸಿನಲ್ಲಿ ಕೇಳಿಬಂದ ತುಳುವನ್ನು ಇಲ್ಲಿ ಬರೆಯಲಿಕ್ಕೆ ಬರುವುದಿಲ್ಲ. ಜಯಣ್ಣ ಹಿಂದಿನಿಂದ, ಕ್ರಿಶ್ಚಿಯನ್ ಹೆಂಗಸರನ್ನು ನಮ್ಮೂರಲ್ಲಿ ಕರೆಯುವ ಹಾಗೆ, “ಬಾಯಮ್ಮನಿಗೆ ಇವತ್ತು ಮೀನು ಸಿಗಲಿಲ್ಲ ಅಂತ ಕಾಣ್ತದೆ” ಎಂದು ಹೇಳಿ ತಪ್ಪಿಸಿಕೊಂಡು ಹೋಗುವರು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರಾಗದು ಎಂದೇ ನಾವೆಲ್ಲ ತಿಳಿದಿದ್ದೆವು.

ಮೇಡಂ ನಿವೃತ್ತಿಗೆ ಇನ್ನು ಕೆಲವು ತಿಂಗಳಿದ್ದಾಗ ನಡೆದದ್ದು ಇದು. ನಮ್ಮಲ್ಲಿ ನಿವೃತ್ತಿಯಾದವರನ್ನು ಮತ್ತೆ ಎರಡು ವರ್ಷ ಮುಂದುವರಿಸುವುದು ರೂಢಿ. ಮೇಡಂಗೆ ಅದು ಬೇಕಿತ್ತು. ಬೇಕು ಎಂದು ಬಾಯಿಬಿಟ್ಟು ಹೇಳಿಯೂ ಇದ್ದರು. “ಮನೆಯಲ್ಲಿ ಕೂತು ಯಾರಿಗೆ ಮೇಲ್ ಬರೆಯುವುದು ನಾನು?” ಎನ್ನುತ್ತಿದ್ದರು.

ಒಂದು ಹಡಗಿನಿಂದ ಫಿಲಿಪ್ಪೀನ್ಸಿನ ಅಡುಗೆಯವನೊಬ್ಬ ಕೆಲಸ ಮುಗಿಸಿ ಇಳಿದ. ಅವನನ್ನು ಬಜ್ಪೆಯ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ ಮಧ್ಯಾಹ್ನದ ವಿಮಾನ ಹತ್ತಿಸಬೇಕಿತ್ತು. ಹಡಗಿನಿಂದ ಇಳಿದ ವಿದೇಶಿಯರನ್ನು ನೇರ ವಿಮಾನ ನಿಲ್ದಾಣಕ್ಕೇ ಒಯ್ಯಬೇಕು, ನಡುವೆ ಎಲ್ಲೂ ಇಳಿಸಬಾರದು ಎನ್ನುವುದು ನಮ್ಮ ಕಂಪನಿಯ ಕಟ್ಟುನಿಟ್ಟಿನ ನಿಯಮ. ತಪ್ಪಿದರೆ ಕೆಲಸದಿಂದ ತೆಗೆಯುತ್ತಾರೆ. ಹೋದವರು ಜಯಣ್ಣ. ಅಡುಗೆಯವನಿಗೆ ವಿಮಾನ ತಪ್ಪಿತು. ಅದರ ಹಿಂದೆ ಮುಂಬಯಿಯಿಂದ ಅವನ ದೇಶಕ್ಕೆ ಹೋಗುವ ವಿಮಾನವೂ ತಪ್ಪಿತು. ಹಡಗಿನ ಮಾಲೀಕರು ಕೆಂಡವಾದರು. ಮರುದಿನ ಬೆಳಿಗ್ಗೆ ಮುಂಬಯಿಯ ಮ್ಯಾನೇಜರರಿಂದ ಮೇಲ್ ಬಂತು: ಇದಕ್ಕೆ ಯಾರು ಹೊಣೆ, ಹೆಸರು ಸಹಿತ ಸಂಜೆಯೊಳಗೆ ಬರೆದು ತಿಳಿಸಿ.

ಮೇಡಂ ಜಯಣ್ಣನನ್ನು ಕರೆದರು. ನಾನೂ ಅಲ್ಲಿದ್ದೆ.

“ಎಂತ ಆಯ್ತು? ಇದ್ದದ್ದು ಇದ್ದ ಹಾಗೆ ಹೇಳಿ.”

ಜಯಣ್ಣ ಮೀಸೆ ತಿಕ್ಕಿಕೊಂಡರು. “ಅವ ವ್ಯಾನಿನಲ್ಲಿ ಕೇಳಿದ ಮೇಡಂ, ನಿಮ್ಮ ಮನೆಯಲ್ಲೆಲ್ಲ ಎಂತ ತಿಂತಾರೆ ಅಂತ. ಒಂಬತ್ತು ತಿಂಗಳಿನಿಂದ ಬೇರೆಯವರಿಗೆ ಬೇಯಿಸಿ ಹಾಕಿ ಹಾಕಿ ಸಾಕಾಗಿದೆ, ಯಾರಾದರೂ ಬಡಿಸಿ ನಾನು ಉಂಡು ಎಷ್ಟು ಕಾಲ ಆಯ್ತು ಅಂದ. ನನಗೆ ಒಂದು ತರ ಆಯ್ತು. ಮನೆ ಅಲ್ಲೇ ದಾರಿಯ ಬದಿಯಲ್ಲಿ ಉಂಟಲ್ಲ. ನಿನ್ನೆ ಮನೆಯಲ್ಲಿ ಕೋಳಿ ಕೊಯ್ದು ಕೋರಿ ರೊಟ್ಟಿ ಬೇರೆ ಮಾಡಿದ್ದರು. ಹೇಗೆ ದಾಟಿಕೊಂಡು ಹೋಗುವುದು ಹೇಳಿ?”

“ಎಷ್ಟು ಹೊತ್ತು ಕೂತದ್ದು?”

“ಬೇಗ ಏಳ್ತಿದ್ದೆವು. ಅವ ಮತ್ತೆ ಮತ್ತೆ ಹಾಕಿಸಿಕೊಂಡ. ಇವಳು ಬಡಿಸ್ತಾ ಇದ್ದಾಳೆ, ಅವ ಉಣ್ತಾ ಇದ್ದಾನೆ. ಉಣ್ಣುವವನನ್ನು ಏಳು ಅಂತ ಹೇಳ್ಲಿಕ್ಕೆ ಆಗ್ತದಾ ಮೇಡಂ? ಆಮೇಲೆ ಹೊರಟರೆ ಕಾವೂರಿನ ಹತ್ತಿರ ಒಂದು ಲಾರಿ ಅಡ್ಡ ನಿಂತಿತ್ತು.”

ಮೇಡಂ ಬೈಯಲಿಲ್ಲ. ಅದರಿಂದಲೇ ನಮಗೆ ಹೆದರಿಕೆಯಾಯಿತು. ಜಯಣ್ಣನನ್ನು ಹೊರಗೆ ಕಳುಹಿಸಿ, ನನಗೆ ಒಂದು ಮೇಲ್ ಬರೆದು ತಾ ಎಂದರು. ನಾನು ಬರೆದೆ: ಕಾವೂರಿನಲ್ಲಿ ಲಾರಿಯೊಂದು ಕೆಟ್ಟು ನಿಂತು ವಾಹನ ದಟ್ಟಣೆಯಾದ ಕಾರಣ ತಡವಾಯಿತು. ಸುಳ್ಳೇನಲ್ಲವಲ್ಲ.

ಫ್ಯಾನ್ ನಿಂತಿತು. ಕಣ್ಣು ಮುಚ್ಚಿದರು. “ಈಗ ನಾನು ಮುಂಬಯಿ. ಬಂದರಿನಿಂದ ಹೊರಟದ್ದು ಯಾವಾಗ ಅಂತ ಗೇಟಿನಲ್ಲಿ ಗೊತ್ತಾಗ್ತದೆ. ನಡುವಿನ ಹೊತ್ತು ಎಲ್ಲಿಗೆ ಹೋಯ್ತು?”

“ಹಾಗಾದರೆ ಇದ್ದದ್ದನ್ನೇ ಬರೆಯುವುದಾ ಮೇಡಂ?”

ಅವರು ಕಣ್ಣು ತೆರೆದರು. “ಜಯಣ್ಣ ವಿದೇಶಿಯನ್ನು ಮನೆಗೆ ಕರೆದುಕೊಂಡು ಹೋದ ಅಂತ ಬರೆದರೆ ಅದು ನಿಜ. ಆದರೆ ಆ ಮೇಲ್ ಓದುವವನಿಗೆ ಜಯಣ್ಣನ ಹೆಂಡತಿ ಬಡಿಸ್ತಾ ಇದ್ದದ್ದು ಕಾಣ್ತದಾ? ಅವನಿಗೆ ಕಾಣುವುದು ಹೆಸರು ಮತ್ತು ತಪ್ಪು. ಎರಡೇ. ನಾಳೆ ನಾವು ಯಾರೂ ಇಲ್ಲದಾಗ ಯಾರೋ ಒಬ್ಬ ಅದನ್ನು ತೆರೆದು ನೋಡಿದರೂ ಅದೇ ಎರಡು.” ಸೆರಗಿನಿಂದ ಮುಖ ಒರೆಸಿಕೊಂಡರು. “ಇದು ಬಾಯಲ್ಲಿ ಹೇಳುವ ವಿಷಯ.”

ಹಾಗೆಂದವರು ಫೋನು ತೆಗೆದುಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಫೋನನ್ನು ಅಷ್ಟು ಹಳಿಯುತ್ತಿದ್ದ ಮೇಡಂ! ಗಾಜಿನ ಆಚೆ ಅವರು ಕೈ ಎತ್ತಿ, ತಟ್ಟೆಗೆ ಬಡಿಸುವ ಹಾಗೆ ಮಾಡಿ ತೋರಿಸುತ್ತಿದ್ದರು, ಮುಂಬಯಿಯ ಮ್ಯಾನೇಜರರಿಗೆ ಅದು ಕಾಣುತ್ತದೋ ಎಂಬಂತೆ. ಬಹಳ ಹೊತ್ತು ಮಾತಾಡಿದರು. ಜಯಣ್ಣ ಹೊರಗೆ ವರಾಂಡದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತಿದ್ದರು.

ಹೊರಗೆ ಬಂದು ನನ್ನೊಬ್ಬಳಿಗೆ ಹೇಳಿದರು: “ಆ ಮನುಷ್ಯನಿಗೆ ಅರ್ಥ ಆಯ್ತು. ಕೋರಿ ರೊಟ್ಟಿ ಅಂದರೆ ಎಂತ ಅಂತ ಕೂಡ ಕೇಳಿದ. ಆದರೆ ಮಾಲೀಕರಿಗೆ ಬರಹದಲ್ಲಿ ಒಂದು ಹೆಸರು ಬೇಕೇ ಬೇಕಂತೆ. ಹೆಸರಿಲ್ಲದೆ ಅವರು ಬಿಡುವುದಿಲ್ಲ.”

ಆಮೇಲೆ ತಾವೇ ಕೂತು ಬರೆದರು. ಓದಿ ಹೇಳಲಿಲ್ಲ, ಫ್ಯಾನ್ ನಿಲ್ಲಿಸಲೂ ಇಲ್ಲ. ಕಳುಹಿಸಿದ ಮೇಲೆ ನಾನು ನೋಡಿದೆ. ಅದರಲ್ಲಿ ಇದ್ದದ್ದು ಇಷ್ಟು: ಮಂಗಳೂರಿನಲ್ಲಿ ಹಡಗಿನವರನ್ನು ಇಳಿಸಿ ವಿಮಾನ ಹತ್ತಿಸುವ ಕೆಲಸದ ಹೊಣೆ ನನ್ನದು. ಆ ದಿನದ ತಡ ನಮ್ಮಿಂದಲೇ ಆದದ್ದು. ಅಡುಗೆಯವರು ಇಂಥ ತಾರೀಕಿನ ವಿಮಾನದಲ್ಲಿ ಹೊರಡುತ್ತಾರೆ. ಮುಂದೆ ಈ ಕೆಲಸಕ್ಕೆ ಇಬ್ಬರು ಹೋಗುತ್ತಾರೆ. ಕೆಳಗೆ ಅವರ ಹೆಸರು. ಒಂದು ಶಬ್ದವೂ ಸುಳ್ಳಲ್ಲ, ಒಂದು ಶಬ್ದವೂ ಹೆಚ್ಚಲ್ಲ. ಅಷ್ಟು ಒಳ್ಳೆಯ ಮೇಲನ್ನು ನಾನು ಮತ್ತೆ ಓದಲಿಲ್ಲ.

ಜಯಣ್ಣ ಉಳಿದರು. ಯಾರೂ ಅವರನ್ನು ಏನೂ ಕೇಳಲಿಲ್ಲ. ಮೇಡಂ ಅವರಿಗೆ ಹೇಳಿದ್ದು ಇಷ್ಟೇ: “ಮಾತಾಡಿದ್ದೇನೆ, ಹೋಗಿ ಕೆಲಸ ನೋಡಿ.” ಮರುದಿನದಿಂದ ಎಂದಿನ ಜಗಳ ಶುರುವಾಯಿತು.

ಮೇಡಂ ನಿವೃತ್ತಿಯ ದಿನ ಹತ್ತಿರವಾಯಿತು. ಮುಂದುವರಿಸುವ ಬಗ್ಗೆ ಮುಂಬಯಿಯಿಂದ ಮೇಲ್ ಬರಬೇಕಿತ್ತು. ದಿನಾ ಬೆಳಿಗ್ಗೆ ಬಂದು ಕನ್ನಡಕ ಏರಿಸಿ ನೋಡುವರು. ಕೊಡುವುದಿಲ್ಲ ಎಂದು ಯಾರೂ ಬರೆಯಲಿಲ್ಲ. ಬರೆಯದೆಯೇ ದಿನ ದಾಟಿಸಿದರು. ಬೀಳ್ಕೊಡುಗೆಗೆ ಬಂದ ಮ್ಯಾನೇಜರರು ನನ್ನನ್ನು ಪಕ್ಕಕ್ಕೆ ಕರೆದು, ಹಡಗಿನ ಮಾಲೀಕರ ಫೈಲಿನಲ್ಲಿ ಆ ತಪ್ಪಿಗೆ ಅವರ ಹೆಸರು ಇರುವಾಗ ತನ್ನ ಕೈಯಲ್ಲಿ ಏನೂ ಇರಲಿಲ್ಲ ಎಂದರು. ನಾನು ಮೇಡಂಗೆ ಅದನ್ನು ಹೇಳಿದಾಗ ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, “ಇದಕ್ಕೆ ಜಯಣ್ಣನನ್ನು ಸಿಸಿ ಮಾಡ್ಬೇಡ,” ಎಂದರು. ನಾನು ಮಾಡಲಿಲ್ಲ.

ಅವರು ಹೋದ ಮೇಲೆ ಆ ಕುರ್ಚಿ ನನಗೆ ಬಂತು. ಹೊಸ ಹುಡುಗಿಯರು ಈಗ ಮೇಲನ್ನು ಕಂಪ್ಯೂಟರಿನಿಂದಲೇ ಬರೆಸಿ ತರುತ್ತಾರೆ. ನುಣುಪಾಗಿ, ಉದ್ದವಾಗಿ, ತುಂಬ ಬೆಲ್ಲ ಹಾಕಿ. ನಾನು ಫ್ಯಾನ್ ನಿಲ್ಲಿಸುತ್ತೇನೆ. ನನಗೆ ಹಿಂದಿನಿಂದ ಏನು ಹೆಸರಿಟ್ಟಿದ್ದಾರೋ ಗೊತ್ತಿಲ್ಲ. ಮೇಡಂ ಇದ್ದಾಗಿನ ಆ ಆಫೀಸು, ಆ ಬೆವರು, ಆ ಬಂಗುಡೆಯ ಪರಿಮಳ ಎಷ್ಟೋ ಸಲ ನೆನಪಾಗುತ್ತದೆ.

ಹುಡುಗನ ಮೇಲ್ ಓದಿದ ದಿನ ಸಂಜೆ ತೊಕ್ಕೊಟ್ಟಿನ ಆಚೆಯ ಇಗರ್ಜಿಗೆ ಹೋದೆ. ಪೂಜೆ ಮುಗಿದು, ಪಕ್ಕದ ಸಿಮಿತ್ರಿಯಲ್ಲಿ ತೋಡಿದ ಗುಂಡಿಗೆ ಪೆಟ್ಟಿಗೆಯನ್ನು ಇಳಿಸಿದರು. ಒಬ್ಬೊಬ್ಬರೇ ಮುಂದೆ ಹೋಗಿ ಒಂದೊಂದು ಹಿಡಿ ಮಣ್ಣು ಹಾಕಿ ಬಂದರು. ನಾನೂ ಹಾಕಿ ತಿರುಗಿದಾಗ ಕಾಂಪೌಂಡಿನ ಗೇಟಿನ ಹತ್ತಿರ ಜಯಣ್ಣ ನಿಂತಿದ್ದರು. ಅವರೂ ಪೂರ್ತಿ ಅವಧಿ ಮುಗಿಸಿ, ಶಾಲು ಹೊದೆಸಿಕೊಂಡು ನಿವೃತ್ತರಾಗಿ ಸ್ವಲ್ಪ ಕಾಲವಾಗಿತ್ತು. ಮೀಸೆ ಬೆಳ್ಳಗಾಗಿತ್ತು.

“ಒಳಗೆ ಬನ್ನಿ ಜಯಣ್ಣ,” ಎಂದೆ.

ಅವರು ಬರಲಿಲ್ಲ. “ಮೇಡಂಗೆ ಎಕ್ಸ್‌ಟೆನ್ಷನ್ ಸಿಗದೆ ಹೋದದ್ದು ನನ್ನಿಂದ ಅಲ್ವಾ?” ಎಂದು ಕೇಳಿದರು.

ಅಲ್ಲ ಎನ್ನುವುದು ಬಾಯಿಯ ತುದಿಯಲ್ಲಿತ್ತು. ಮೇಡಂ ಬಯಸಿದ್ದೂ ಅದನ್ನೇ. ಆದರೆ ಆ ಮುಖ ನೋಡಿದ ಮೇಲೆ ಸುತ್ತಿ ಬಳಸಿ ಹೇಳಲು ನನ್ನಿಂದಾಗಲಿಲ್ಲ.

“ಹೌದು ಜಯಣ್ಣ. ನಿಮ್ಮ ಹೆಸರಿನ ಜಾಗದಲ್ಲಿ ಅವರ ಹೆಸರು ಬರೆದರು.”

ಜಯಣ್ಣ ತಲೆ ಆಡಿಸಿದರು. “ಅಂದಾಜು ಇತ್ತು ನನಗೆ. ಆ ಬಾಯಮ್ಮನ ಹತ್ತಿರ ಕೇಳ್ಲಿಕ್ಕೆ ಧೈರ್ಯ ಬರಲಿಲ್ಲ ಮಾರಾಯ್ತಿ. ಒಂದು ದಿನ ಮನೆಗೆ ಕರೆದು ಊಟ ಹಾಕ್ಲಿಕ್ಕೂ ಆಗಲಿಲ್ಲ. ಕರೆದರೆ ಯಾಕೆ ಅಂತ ಕೇಳ್ತಾರೆ ಅಂತ.”

ಅವರು ಚಪ್ಪಲಿ ಗೇಟಿನ ಹತ್ತಿರವೇ ಬಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದರು. ಗುಂಡಿಯ ಬದಿಯಲ್ಲಿ ಬಗ್ಗಿ ಒಂದು ಹಿಡಿ ಮಣ್ಣು ಹಾಕಿದರು. ಅಷ್ಟು ಹಾಕಿ ಎದ್ದು ಬರುವುದು ಕ್ರಮ. ಜಯಣ್ಣ ಏಳಲಿಲ್ಲ. ಎರಡೂ ಕೈಯಲ್ಲಿ ಬಾಚಿ ಬಾಚಿ ಹಾಕುತ್ತಲೇ ಇದ್ದರು. ಮಣ್ಣು ಮುಚ್ಚಲು ಗುದ್ದಲಿ ಹಿಡಿದು ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಏಳಿ ಎಂದು ಅವರಿಗೆ ಯಾರೂ ಹೇಳಲಿಲ್ಲ.